ಮಧುಚಂದ್ರಕ್ಕೆ ನೀಲಗಿರಿ: ನವದಂಪತಿಗಳು ಹೊರಡುವ ಮುನ್ನ ತಿಳಿದಿರಬೇಕಾದ ವಿಷಯಗಳು

ಮೈಸೂರು, ಚಾಮರಾಜನಗರ, ತಾಳವಾಡಿ, ಹೊಸೂರು ಕಡೆಯ ನಮ್ಮ ಬಂಧುಗಳಿಗೆ ಮಧುಚಂದ್ರವೆಂದರೆ ಮೊದಲು ನೆನಪಾಗುವುದು ಊಟಿ. ಹತ್ತಿರದ ಬೆಟ್ಟ, ಕನ್ನಡದಲ್ಲಿ ಮಾತನಾಡಿದರೂ ಅನೇಕ ಕಡೆ ನಡೆಯುತ್ತದೆ. ಆದರೆ ಹತ್ತಿರವೆಂಬ ಧೈರ್ಯದಲ್ಲಿ ಏನೂ ವಿಚಾರಿಸದೆ ಹೊರಟವರು ಚೆಕ್‌ಪೋಸ್ಟಿನಲ್ಲೇ ಅರ್ಧ ದಿನ ಕಳೆಯುವುದುಂಟು. ಈ ಮದುವೆ ಋತುವಿನಲ್ಲಿ ಉಪಯೋಗವಾಗಲೆಂದು ಮುಖ್ಯ ವಿಷಯಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ದಿನ ಗೊತ್ತುಮಾಡುವುದು

ಬೀಗರ ಊಟ, ಮನೆದೇವರ ದರ್ಶನ, ಹೆಣ್ಣಿನ ಮನೆಗೆ ಹೋಗಿಬರುವುದು ಇವೆಲ್ಲ ಮುಗಿದ ಮೇಲೆ ಒಂದೆರಡು ದಿನ ಬಿಡುವು ಕೊಟ್ಟು ಪ್ರವಾಸ ಇಟ್ಟುಕೊಳ್ಳಿ. ಮದುವೆಯ ದಣಿವಿನಲ್ಲಿ ಮರುದಿನವೇ ಘಾಟಿ ಹತ್ತಿದರೆ ಸುಖವಿಲ್ಲ.

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹುಡುಗನ ಗೆಳೆಯರೋ ಅಣ್ಣಂದಿರೋ ಟಿಕೆಟ್, ರೂಮು ಮಾಡಿಬಿಡುತ್ತಾರೆ. ಹುಡುಗಿಗೆ ತಿಳಿಯುವುದು ಹೊರಡುವ ಹಿಂದಿನ ದಿನ. ದಯವಿಟ್ಟು ಹೀಗೆ ಮಾಡಬೇಡಿ. ಅವಳ ರಜೆ ಎಷ್ಟು, ಮುಟ್ಟಿನ ದಿನಗಳು ಯಾವುವು, ಘಾಟಿಯಲ್ಲಿ ವಾಂತಿಯಾಗುತ್ತದೆಯೇ, ಚಳಿ ತಡೆಯುತ್ತದೆಯೇ ಎಂಬುದು ಅವಳಿಗಷ್ಟೇ ಗೊತ್ತು. ಮದುವೆಗೆ ಮೊದಲೇ ಇಬ್ಬರೂ ಫೋನಿನಲ್ಲಿ ಮಾತನಾಡಿ ತೀರ್ಮಾನಿಸಿದರೆ, ಸಂಸಾರದಲ್ಲಿ ಕೂಡಿ ತೆಗೆದುಕೊಂಡ ಮೊದಲ ನಿರ್ಧಾರ ಇದೇ ಆಗುತ್ತದೆ.

ಹವಾಮಾನ

ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ದೊಡ್ಡಬೆಟ್ಟದ ಎತ್ತರ 2,637 ಮೀಟರ್. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ತಾಪಮಾನ ಸೊನ್ನೆಯ ಹತ್ತಿರಕ್ಕೆ ಇಳಿದು ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಗೂಡಲೂರು ಕಡೆ ಮಳೆ ಜೋರು. ಅಕ್ಟೋಬರ್, ನವೆಂಬರ್‌ನಲ್ಲಿ ಕೂನೂರು, ಕೋಟಗಿರಿ ಕಡೆ. ಏಪ್ರಿಲ್, ಮೇ ತಿಂಗಳಲ್ಲಿ ಹವೆ ಹಿತವಾಗಿದ್ದರೂ ಜನಜಂಗುಳಿ ಇರುತ್ತದೆ, ರೂಮಿನ ಬಾಡಿಗೆಯೂ ಏರುತ್ತದೆ. ಮೇ ತಿಂಗಳ ಪುಷ್ಪ ಪ್ರದರ್ಶನ ನೋಡಲೇಬೇಕೆಂಬ ಆಸೆಯಿಲ್ಲದಿದ್ದರೆ ಫೆಬ್ರವರಿ, ಮಾರ್ಚ್ ಉತ್ತಮ.

ದಾರಿ ಮತ್ತು ನಿಯಮಗಳು

ಇ-ಪಾಸ್: ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು. ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತದೆ. 2025ರ ಬೇಸಿಗೆಯಲ್ಲಿ ದಿನಕ್ಕೆ 6,000, ವಾರಾಂತ್ಯಕ್ಕೆ 8,000 ವಾಹನಗಳೆಂಬ ಮಿತಿಯನ್ನೂ ಹಾಕಲಾಯಿತು. ಆದ್ದರಿಂದ ರೂಮು ಕಾಯ್ದಿರಿಸುವಾಗಲೇ ಪಾಸನ್ನೂ ನೋಡಿಕೊಳ್ಳಿ. ಸರ್ಕಾರಿ ಬಸ್ಸಿನಲ್ಲಿ ಬರುವವರಿಗೆ ಇದು ಬೇಡ.

ಬಂಡೀಪುರ: ಕಾಡಿನ ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ವಾಪಸಾಗುವ ದಿನ ಇದನ್ನು ಮರೆಯುವವರೇ ಹೆಚ್ಚು. ಮಧ್ಯಾಹ್ನದ ಊಟ ಮುಗಿಸಿ ಹೊರಟರೆ ಆತುರವಿಲ್ಲದೆ ಕಾಡು ದಾಟಬಹುದು.

ಕಲ್ಲಟ್ಟಿ ಘಾಟಿ: ಮಸಿನಗುಡಿಯಿಂದ ಊಟಿಗೆ ಹತ್ತುವ ಈ ಹತ್ತಿರದ ದಾರಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ, ಏರು ಬಹಳ ಕಡಿದು. ಊಟಿಯಿಂದ ಈ ದಾರಿಯಲ್ಲಿ ಇಳಿಯಲು ಹೊರಗಿನ ವಾಹನಗಳನ್ನು ಬಿಡುವುದಿಲ್ಲ. ಗೂಡಲೂರು ಮಾರ್ಗವೇ ಕ್ಷೇಮ.

ಬೆಟ್ಟದ ರೈಲು: ಹೊಸೂರು, ಸೇಲಂ ಕಡೆಯವರಿಗೆ ಮೆಟ್ಟುಪಾಳ್ಯಂ ದಾರಿ ಅನುಕೂಲ. ಅಲ್ಲಿಂದ ಬೆಳಿಗ್ಗೆ ಹೊರಡುವ ಪುಟ್ಟ ರೈಲು 46 ಕಿಲೋಮೀಟರ್ ಹತ್ತಲು ಸುಮಾರು ಐದು ಗಂಟೆ ತೆಗೆದುಕೊಳ್ಳುತ್ತದೆ. 1908ರಲ್ಲಿ ಊಟಿ ಮುಟ್ಟಿದ ಈ ರೈಲು 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸೀಟು ಕಡಿಮೆ, ಬೇಡಿಕೆ ಹೆಚ್ಚು. ಮುಂಗಡ ಬುಕಿಂಗ್ ತೆರೆದ ದಿನವೇ ಮಾಡಿಸಿ. ಮಳೆಗಾಲದಲ್ಲಿ ಮಣ್ಣು ಕುಸಿದು ರೈಲು ನಿಲ್ಲುವುದುಂಟು, ಬಸ್ಸಿನ ಯೋಚನೆಯೂ ಇರಲಿ.

ಕಾಗದಪತ್ರ

ಇಬ್ಬರದೂ ವಿಳಾಸವಿರುವ ಮೂಲ ಗುರುತಿನ ಚೀಟಿ ಬೇಕು: ಆಧಾರ್, ಮತದಾರರ ಚೀಟಿ ಅಥವಾ ಡ್ರೈವಿಂಗ್ ಲೈಸೆನ್ಸ್. ಪ್ಯಾನ್ ಕಾರ್ಡಿನಲ್ಲಿ ವಿಳಾಸವಿಲ್ಲದ ಕಾರಣ ಲಾಡ್ಜ್‌ಗಳಲ್ಲಿ ಅದು ಸಾಮಾನ್ಯವಾಗಿ ನಡೆಯುವುದಿಲ್ಲ. ಮದುವೆಯಾದ ಮೇಲೆ ಹೆಸರು ಬದಲಿಸುವ ಯೋಚನೆಯಿದ್ದರೂ ಟಿಕೆಟ್ ಮಾತ್ರ ಈಗಿನ ಚೀಟಿಯಲ್ಲಿರುವ ಹೆಸರಿನಲ್ಲೇ ಇರಲಿ. ಲಗ್ನಪತ್ರಿಕೆಯ ಒಂದು ಪ್ರತಿ ಜೊತೆಯಲ್ಲಿದ್ದರೆ ಒಳ್ಳೆಯದು.

ಇನ್ನೊಂದು ಮಾತು: ತಮಿಳುನಾಡಿನಲ್ಲಿ ನಡೆದ ಮದುವೆಯನ್ನು 2009ರ ಕಾಯ್ದೆಯಂತೆ 90 ದಿನಗಳೊಳಗೆ ನೋಂದಾಯಿಸಬೇಕು. ಪ್ರವಾಸದ ಗಡಿಬಿಡಿಯಲ್ಲಿ ಇದು ಹಿಂದೆ ಬೀಳದಿರಲಿ.

ಚೀಲದಲ್ಲಿ ಏನಿರಬೇಕು

ಮೂರು ದಿನಕ್ಕೆ ಒಬ್ಬರಿಗೆ ಒಂದು ಚೀಲ ಸಾಕು. ಚೀಲವನ್ನು ಎತ್ತಬೇಕಾದವರೂ ನೀವೇ.

• ಸ್ವೆಟರ್, ಕಿವಿ ಮುಚ್ಚುವ ಟೋಪಿ, ಕಾಲುಚೀಲ. ಒಂದೇ ದಪ್ಪ ಜಾಕೆಟ್ಟಿಗಿಂತ ಒಂದರ ಮೇಲೊಂದು ತೊಡುವ ಬಟ್ಟೆ ಮೇಲು. ಹಗಲು ಬಿಸಿಲೇರಿದಾಗ ತೆಗೆಯಬಹುದು.
• ಜಾರದ ಶೂ, ಕೊಡೆ. ಮದುವೆಯ ಹೊಸ ಚಪ್ಪಲಿ ಕಾಲು ಕಚ್ಚುತ್ತದೆ, ಅದು ಬೇಡ.
• ತುಟಿಗೆ, ಚರ್ಮಕ್ಕೆ ಹಚ್ಚುವ ಕ್ರೀಮ್. ಬೆಟ್ಟದ ಬಿಸಿಲು ತಂಪಾಗಿ ಕಂಡರೂ ಚರ್ಮ ಸುಡುತ್ತದೆ.
• ದಿನನಿತ್ಯದ ಮಾತ್ರೆಗಳು, ಜ್ವರ ಹಾಗೂ ಹೊಟ್ಟೆನೋವಿನ ಔಷಧ, ಸ್ಯಾನಿಟರಿ ಪ್ಯಾಡ್. ವಾಂತಿಯ ಮಾತ್ರೆಯನ್ನು ಘಾಟಿ ಹತ್ತುವ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು. ಅದರಿಂದ ನಿದ್ದೆ ಬರುವುದರಿಂದ ಗಾಡಿ ಓಡಿಸುವವರು ತೆಗೆದುಕೊಳ್ಳಬಾರದು.
• ಮಕ್ಕಳು ಸದ್ಯಕ್ಕೆ ಬೇಡವೆಂದಿದ್ದರೆ ಅದರ ಬಗ್ಗೆ ಇಬ್ಬರೂ ಮೊದಲೇ ಮಾತನಾಡಿ, ವೈದ್ಯರನ್ನು ಕಂಡು ಬನ್ನಿ. ಸಂಕೋಚ ಬೇಡ.
• ಸ್ಟೀಲ್ ನೀರಿನ ಬಾಟಲಿ, ಬಟ್ಟೆಯ ಚೀಲ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ, ಪ್ಲಾಸ್ಟಿಕ್ ನೀರಿನ ಬಾಟಲಿಗೂ ನೀಲಗಿರಿಯಲ್ಲಿ ನಿಷೇಧವಿದೆ, ದಂಡ ಬೀಳುತ್ತದೆ.

ತಾಳಿಯ ಹೊರತು ಉಳಿದ ಒಡವೆಗಳು ಮನೆಯಲ್ಲಿರಲಿ. ರೇಷ್ಮೆ ಸೀರೆಯೂ ಬೇಡ. "ಹೊಸ ಮದುಮಗಳು ಬೋಳು ಕೈಯಲ್ಲಿ ಹೋಗಬಾರದು" ಎಂದು ಹಿರಿಯರು ಹೇಳಿದರೆ ಎರಡೆರಡು ಗಾಜಿನ ಬಳೆ ಸಾಕು.

ಹಣ ಮತ್ತು ವೇಳೆ

ಖರ್ಚಿನ ಮಿತಿಯನ್ನು ಇಬ್ಬರೂ ಕೂತು ಬರೆದುಕೊಳ್ಳಿ. ಮದುವೆ ಸಾಲದ ಮೇಲೆ ಪ್ರವಾಸದ ಸಾಲ ಬೇಡ. ಐದು ದಿನದ ಬದಲು ಎರಡು ರಾತ್ರಿ ಸಾಕು. ಮೊದಲ ದಿನ ವಿಶ್ರಾಂತಿ, ಎರಡನೆಯ ದಿನ ದೊಡ್ಡಬೆಟ್ಟ ಮತ್ತು ಸಸ್ಯೋದ್ಯಾನ, ಮೂರನೆಯ ದಿನ ಬೆಳಿಗ್ಗೆ ಕೂನೂರು ನೋಡಿ ವಾಪಸು. ಪಟ್ಟಿಯಲ್ಲಿರುವುದನ್ನೆಲ್ಲ ನೋಡಲೇಬೇಕೆಂದಿಲ್ಲ. ಮಂಜು ಮುಸುಕಿ ಏನೂ ಕಾಣದ ದಿನ ಚಹಾ ಕುಡಿಯುತ್ತಾ ಮಾತನಾಡುವುದೂ ಮಧುಚಂದ್ರವೇ.

ನಿಯಮಗಳು ಆಗಾಗ ಬದಲಾಗುತ್ತವೆ. ಹೊರಡುವ ವಾರ ನೀಲಗಿರಿ ಜಿಲ್ಲಾಡಳಿತದ ಪ್ರಕಟಣೆಯನ್ನು ಒಮ್ಮೆ ನೋಡಿಕೊಳ್ಳಿ. ನವದಂಪತಿಗಳಿಗೆ ನಮ್ಮೆಲ್ಲರ ಶುಭ ಹಾರೈಕೆಗಳು.