ಆಘಾತದ ನಂತರದ ಮಾನಸಿಕ ತೊಂದರೆ ಹಾಗೂ ಮನೋಚಿಕಿತ್ಸೆ

2019ರ ಆಗಸ್ಟ್ ತಿಂಗಳ ನೆರೆಯಿಂದ ಬೆಳ್ತಂಗಡಿ ತಾಲ್ಲೂಕಿನ ಚಾರ್ಮಾಡಿ ಭಾಗದ ಹಾಗೂ ಬಂಟ್ವಾಳದ ನೇತ್ರಾವತಿ ತೀರದ ಅನೇಕ ಕುಟುಂಬಗಳು ಸಂತ್ರಸ್ತವಾದವು. ಇಂತಹ ಘಟನೆಗಳ ಬಳಿಕ ದುಃಸ್ವಪ್ನ, ನಿದ್ರಾಹೀನತೆ, ಬೆಚ್ಚಿಬೀಳುವಿಕೆ ಒಂದು ತಿಂಗಳಿಗೂ ಮೀರಿ ಮುಂದುವರಿದಲ್ಲಿ ತಜ್ಞರನ್ನು ಕಾಣುವುದು ಅಗತ್ಯ.

ಚಿಕಿತ್ಸಾ ವಿಧಾನ:
ಮನೋಚಿಕಿತ್ಸೆಯು ನೆನಪನ್ನು ಅಳಿಸುವುದಿಲ್ಲ. ಸುರಕ್ಷಿತ ವಾತಾವರಣದಲ್ಲಿ ಅದನ್ನು ಹಂತಹಂತವಾಗಿ ಎದುರಿಸಲು ನೆರವಾಗುತ್ತದೆ. ಮಳೆಯ ಸದ್ದಿಗೆ ನಡುಗುವವರು ಅಂದಿನ ಅಪಾಯ ಬೇರೆ, ಇಂದಿನ ಮಳೆ ಬೇರೆ ಎಂಬುದನ್ನು ಕ್ರಮೇಣ ಮನಗಾಣುತ್ತಾರೆ.

ಸೇವೆ ಪಡೆಯುವ ಬಗೆ:
ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆಯ ನಾಗರಿಕರು ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯಾಧಿಕಾರಿಗಳನ್ನು ಸಂಪರ್ಕಿಸಬಹುದು. ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ದಿನದ 24 ಗಂಟೆಯೂ ಲಭ್ಯವಿದ್ದು, ಕನ್ನಡದಲ್ಲಿಯೂ ಮಾತನಾಡಬಹುದಾಗಿದೆ. ಚಿಕಿತ್ಸೆ ಪಡೆಯುವವರ ಮಾಹಿತಿಯ ಗೋಪ್ಯತೆಯು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರನ್ವಯ ಅವರ ಹಕ್ಕಾಗಿರುತ್ತದೆ.