ಲೀಲಾ ದುಬೆಯವರ ಕಲ್ಪೇನಿ ಅಧ್ಯಯನ: ಕಾಲ, ಆಕರಗಳ ಕುರಿತು ಟಿಪ್ಪಣಿ

1. ಸಾಮಾಜಿಕ ಮಾನವಶಾಸ್ತ್ರಜ್ಞೆ ಲೀಲಾ ದುಬೆ (1923–2012) ಭಾರತದ ಮಹಿಳೆಯರ ಸ್ಥಾನಮಾನ ಸಮಿತಿಯ ಸದಸ್ಯೆಯಾಗಿದ್ದರು. ಸಮಿತಿ ನೇಮಕಗೊಂಡದ್ದು 1971ರ ಸೆಪ್ಟೆಂಬರಿನಲ್ಲಿ. ಅದರ ‘ಟುವರ್ಡ್ಸ್ ಈಕ್ವಾಲಿಟಿ’ ವರದಿಗೆ ಉಲ್ಲೇಖಗಳಲ್ಲಿ 1974, 1975 ಎಂಬ ಎರಡು ವರ್ಷಗಳು ಕಾಣುತ್ತವೆ. ಮೊದಲನೆಯದು ಸಲ್ಲಿಕೆಯದು, ಎರಡನೆಯದು ಪ್ರಕಟಣೆಯದು. ಸಾವಿರ ಗಂಡಸರಿಗೆ 1901ರಲ್ಲಿ 972 ಇದ್ದ ಹೆಂಗಸರ ಸಂಖ್ಯೆ 1971ಕ್ಕೆ 930ಕ್ಕೆ ಇಳಿದದ್ದರತ್ತ ಈ ವರದಿ ಗಮನ ಸೆಳೆಯಿತು. ದುಬೆಯವರ ಲಿಂಗಸಮಾನತೆಯ ಚಿಂತನೆಯನ್ನು ಇಲ್ಲಿಂದಲೇ ಎಣಿಸಿದರೆ, ಅದಕ್ಕೂ ಹಿಂದಿನ ಒಂದು ಮುಖ್ಯ ಕೃತಿ ಲೆಕ್ಕದಿಂದ ಬಿಟ್ಟುಹೋಗುತ್ತದೆ.

2. ಆ ಕೃತಿ ‘ಮ್ಯಾಟ್ರಿಲಿನಿ ಅಂಡ್ ಇಸ್ಲಾಂ’ (1969). ಅಧ್ಯಯನದ ಕ್ಷೇತ್ರ ಲಕ್ಷದ್ವೀಪದ ಕಲ್ಪೇನಿ ದ್ವೀಪ. ಅಲ್ಲಿನ ಮುಸ್ಲಿಮರಲ್ಲಿ ಮಕ್ಕಳು ತಾಯಿಯ ತರವಾಡಿಗೆ (ತಾಯಿಯ ಸಾಲಿನ ಮನೆತನಕ್ಕೆ) ಸೇರಿದವರು. ಗಂಡ ರಾತ್ರಿ ಹೆಂಡತಿಯ ಮನೆಗೆ ಬಂದು ಬೆಳಿಗ್ಗೆ ತನ್ನ ತಾಯಿಮನೆಗೆ ಮರಳುತ್ತಿದ್ದ. ಆಸ್ತಿಯಲ್ಲಿ ಎರಡು ಬಗೆ. ತಾಯಿಯ ಸಾಲಿನಲ್ಲಿ ಇಳಿದುಬರುವ ಅವಿಭಕ್ತ ಸ್ವತ್ತು ‘ಶುಕ್ರವಾರದ್ದು’; ಇಸ್ಲಾಮೀ ಕಾನೂನಿನಂತೆ ಹಂಚಬಹುದಾದ ಸ್ವಂತ ಸ್ವತ್ತು ‘ಸೋಮವಾರದ್ದು’. ಹೀಗಾಗಿ ತಲಾಖ್ ಆದರೂ ಹೆಣ್ಣು ಮನೆ ಬಿಟ್ಟು ಹೊರಡಬೇಕಿರಲಿಲ್ಲ. ಇದನ್ನು ಸ್ತ್ರೀಪ್ರಾಬಲ್ಯವೆಂದು ಓದುವುದು ಆತುರವಾದೀತು: ಮಾತೃವಂಶೀಯತೆ ಬೇರೆ, ಮಾತೃಪ್ರಾಧಾನ್ಯ ಬೇರೆ. ತಾಯಿಯ ಸಾಲಿನ ಉತ್ತರಾಧಿಕಾರದ ಅಳಿಯಸಂತಾನ ಕಟ್ಟನ್ನು ಬಲ್ಲ ಕರಾವಳಿಯ ಓದುಗರಿಗೆ ಇದು ಹೊಸದಲ್ಲ.

3. ಆಕರದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಪುಸ್ತಕದ ಮೂಲಸಾಮಗ್ರಿ ಅಬ್ದುಲ್ ರಹಮಾನ್ ಕುಟ್ಟಿಯವರ ಕ್ಷೇತ್ರಕಾರ್ಯದ್ದು; ವಿಶ್ಲೇಷಣೆ ದುಬೆಯವರದು. ಇಡೀ ಕೃತಿಯನ್ನು ‘ದುಬೆಯವರ ಕ್ಷೇತ್ರಕಾರ್ಯ’ ಎನ್ನುವುದು ನಿಖರವಲ್ಲ.

4. ಸ್ಥಳನಾಮದಲ್ಲೂ ಎಡವಬಹುದು. ‘ಲಕ್ಷದ್ವೀಪ’ 1973ರಿಂದೀಚಿನ ಅಧಿಕೃತ ಹೆಸರು. 1969ರ ಪುಸ್ತಕದ ಉಪಶೀರ್ಷಿಕೆಯಲ್ಲಿರುವುದು ‘ಲಕ್ಕದೀವ್ಸ್’. 1956ರವರೆಗೆ ಅಮಿನಿದೀವಿ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಕಲ್ಪೇನಿ ಆ ಗುಂಪಿಗೆ ಸೇರಿದ್ದಲ್ಲ. ಅದು ಆಗ ಮಲಬಾರ್ ಜಿಲ್ಲೆಯಲ್ಲಿತ್ತು. ಮಂಗಳೂರಿನ ಹಳೆಯ ಕಡತಗಳಲ್ಲಿ ಕಲ್ಪೇನಿಯನ್ನು ಹುಡುಕಹೊರಡುವವರು ಇದನ್ನು ನೆನಪಿಡುವುದು ಒಳ್ಳೆಯದು.

5. ದುಬೆಯವರ 1986ರ ‘ಸೀಡ್ ಅಂಡ್ ಅರ್ತ್’ ಲೇಖನ ಪಿತೃವಂಶೀಯ ಸಮಾಜದ ಬೀಜ–ಕ್ಷೇತ್ರ ರೂಪಕವನ್ನು ಪರಿಶೀಲಿಸುತ್ತದೆ. ಗಂಡು ಬೀಜ, ಹೆಣ್ಣು ನೆಲ, ಬೆಳೆ ಬಿತ್ತಿದವನದು. ಮಗುವಿನ ಮೇಲೂ ಆಸ್ತಿಯ ಮೇಲೂ ಹೆಣ್ಣಿಗೆ ಹಕ್ಕು ತಪ್ಪಿಸುವ ವಾದ ಇದರೊಳಗೆ ಅಡಗಿದೆ ಎಂಬುದು ದುಬೆಯವರ ನಿಲುವು. ಈ ನಿಲುವಿಗೆ ಕಲ್ಪೇನಿಯ ಅಧ್ಯಯನವೇ ಪ್ರೇರಣೆ ಎಂದು ಸಾಧಿಸಲು ಕಾಲಾನುಕ್ರಮವೊಂದೇ ಸಾಲದು. ಮಗು ಯಾರದು, ಮನೆ ಯಾರದು ಎಂಬ ವಿಚಾರಣೆ 1969ರ ಪುಸ್ತಕದಲ್ಲೇ ಇದೆ ಎಂಬಷ್ಟನ್ನು ಮಾತ್ರ ಹೇಳಬಹುದು. ಆ ಪುಸ್ತಕವನ್ನು ಉಲ್ಲೇಖಿಸುವಾಗ ಕುಟ್ಟಿಯವರ ಹೆಸರನ್ನೂ ಜೊತೆಗೆ ಕೊಡತಕ್ಕದ್ದು.