ನ್ಯೂಯಾರ್ಕ್ ತಂಪುಪಾನೀಯ ಗಾತ್ರ ಮಿತಿ

ಹೋಟೆಲು, ಸಿನಿಮಾ ಮಂದಿರ, ಕ್ರೀಡಾಂಗಣಗಳಲ್ಲಿ ಸಕ್ಕರೆ ಬೆರೆತ ತಂಪುಪಾನೀಯವನ್ನು 16 ಔನ್ಸ್ (ಸುಮಾರು 473 ಮಿಲಿಲೀಟರ್) ಮೀರಿದ ಲೋಟ, ಬಾಟಲಿಗಳಲ್ಲಿ ಮಾರಬಾರದೆಂದು ನ್ಯೂಯಾರ್ಕ್ ನಗರದ ಆರೋಗ್ಯ ಮಂಡಳಿ 2012ರ ಸೆಪ್ಟೆಂಬರ್‌ನಲ್ಲಿ ಮಾಡಿದ ನಿಯಮ. ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಮುಂದಿಟ್ಟ ಈ ನಿಯಮ ಒಂದು ದಿನವೂ ಜಾರಿಗೆ ಬರಲಿಲ್ಲ.

ಇದೇ ಮಂಡಳಿ 2006ರಲ್ಲಿ ಹೋಟೆಲುಗಳ ಅಡುಗೆಯಿಂದ ಕೃತಕ ಟ್ರಾನ್ಸ್ ಕೊಬ್ಬನ್ನು ಹೊರಗಟ್ಟಿತ್ತು. ಹೋಟೆಲಿನವರು ಎಣ್ಣೆ ಬದಲಿಸಿದರು. ತಿನ್ನುವವರ ತಟ್ಟೆಯಲ್ಲಿ ಅದೇ ತಿಂಡಿ ಉಳಿಯಿತು. ಲೋಟದ ಮಾತು ಬೇರೆ. ಅದು ಗಿರಾಕಿ ತಾನೇ ಕೇಳಿ ಕೈಗೆ ತೆಗೆದುಕೊಳ್ಳುವಂಥದ್ದು. ಎರಡು ಲೋಟ ಕೊಳ್ಳಲು ಅಡ್ಡಿಯಿರಲಿಲ್ಲ, ನಿಜ. ಆದರೂ ಜನರ ಬಾಯಿಗೆ ಸರ್ಕಾರ ಕಾವಲು ಕೂತಿದೆ ಎಂದು ಪಾನೀಯ ಕಂಪನಿಗಳು ನಡೆಸಿದ ಪ್ರಚಾರ ನಾಟಿತು. ಹಾಲು ಹೆಚ್ಚಿರುವ ಪಾನೀಯಗಳಿಗೆ ವಿನಾಯಿತಿಯಿತ್ತು. ನಗರದ ಹೋಟೆಲು ತಪಾಸಣೆಗೆ ಒಳಪಡದ ಸರಣಿ ಅಂಗಡಿಗಳಿಗೂ ನಿಯಮ ತಾಗುತ್ತಿರಲಿಲ್ಲ. ಪಕ್ಕದ ಬೀದಿಯ ಸಣ್ಣ ಹೋಟೆಲಿನವನಿಗೆ ಮಾತ್ರ ದಂಡವೆಂದರೆ ಅನ್ಯಾಯವೇ. ಕಪ್ಪು ಜನರ ಹಕ್ಕುಗಳ ಹಳೆಯ ಸಂಘಟನೆ ಎನ್‌ಎಎಸಿಪಿಯ ರಾಜ್ಯ ಘಟಕವೂ ನಿಯಮದ ವಿರುದ್ಧ ನ್ಯಾಯಾಲಯದ ಮುಂದೆ ವಾದ ಇಟ್ಟಿತು. ಬೊಜ್ಜು, ಸಕ್ಕರೆ ಕಾಯಿಲೆಗಳ ಹೊರೆ ಹೆಚ್ಚಾಗಿ ಬಿದ್ದಿದ್ದೂ ಅದೇ ಸಮುದಾಯದ ಮೇಲೆ ಎಂಬುದು ಈ ಪ್ರಕರಣದ ಅತ್ಯಂತ ನೋವಿನ ಸಂಗತಿ.

ಜಾರಿಯ ಹಿಂದಿನ ದಿನ, 2013ರ ಮಾರ್ಚ್ 11ರಂದು, ನ್ಯಾಯಾಧೀಶ ಮಿಲ್ಟನ್ ಟಿಂಗ್ಲಿಂಗ್ ನಿಯಮವನ್ನು ತಡೆದರು. 2014ರ ಜೂನ್ 26ರಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ 4–2 ಬಹುಮತದಿಂದ ಆ ತಡೆಯನ್ನು ಎತ್ತಿಹಿಡಿಯಿತು. ಈ ತೀರ್ಪನ್ನು ವೈಯಕ್ತಿಕ ಸ್ವಾತಂತ್ರ್ಯದ ಗೆಲುವೆಂದು ಕೊಂಡಾಡುವುದುಂಟು, ಅದು ಸರಿಯಲ್ಲ. ದೊಡ್ಡ ಲೋಟ ಕುಡಿಯುವುದು ನಾಗರಿಕರ ಹಕ್ಕೆಂದು ನ್ಯಾಯಾಲಯ ಎಲ್ಲೂ ಹೇಳಲಿಲ್ಲ. ಆರೋಗ್ಯ ಮತ್ತು ಜನರ ಆಯ್ಕೆಗಳನ್ನು ತೂಗಿ ನೋಡುವ ಕೆಲಸ ಚುನಾಯಿತ ನಗರ ಸಭೆಯದು, ಮೇಯರ್ ನೇಮಿಸಿದ ಮಂಡಳಿಯದಲ್ಲ ಎಂದಿತು. ಧೂಮಪಾನ ನಿರ್ಬಂಧದ 1987ರ ಪ್ರಕರಣವೊಂದು ಇದಕ್ಕೆ ಆಧಾರವಾಗಿತ್ತು.

ಮುಂದಿನ ಪ್ರಯತ್ನಗಳು ಲೋಟವನ್ನು ಬಿಟ್ಟು ಬೆಲೆಯನ್ನು ಹಿಡಿದವು. ಕ್ಯಾಲಿಫೋರ್ನಿಯಾದ ಬರ್ಕ್‌ಲಿಯ ಮತದಾರರು 2014ರ ನವೆಂಬರ್‌ನಲ್ಲಿ ಔನ್ಸಿಗೆ 1 ಸೆಂಟ್ ತೆರಿಗೆಗೆ ಒಪ್ಪಿಗೆ ಕೊಟ್ಟರು. ಫಿಲಡೆಲ್ಫಿಯಾ ನಗರ ಸಭೆ 2016ರಲ್ಲಿ ಒಂದೂವರೆ ಸೆಂಟ್ ವಿಧಿಸಿತು. ಪಾನೀಯ ಉದ್ಯಮ ಅದನ್ನೂ ನ್ಯಾಯಾಲಯಕ್ಕೆಳೆಯಿತು. 2018ರಲ್ಲಿ ಪೆನ್ಸಿಲ್ವೇನಿಯಾದ ಸರ್ವೋಚ್ಚ ನ್ಯಾಯಾಲಯ ತೆರಿಗೆಯ ಪರ ತೀರ್ಪಿತ್ತಿತು.